ನೆಟ್ಟಗೆ ಮನೆಗೆ ಹೋಗುತ್ತಿದ್ದ ಡಾಕ್ಟರಮ್ಮ

ಸಾವಿನ ಮನೆಗೆ ಹೋದವರು ಅಲ್ಲಿಂದ ನೆಟ್ಟಗೆ ತಮ್ಮ ಮನೆಗೆ ಹೋಗುವ ಪದ್ಧತಿ ಸಮಾರ್ ದ್ವೀಪದ ಸಾನ್ ಬರ್ನಾಬೆಯಲ್ಲಿ ಯಾವ ಕಾಲಕ್ಕೂ ಇರಲಿಲ್ಲ. ದಾರಿಯಲ್ಲಿ ಎಲ್ಲಾದರೂ ನಿಲ್ಲಬೇಕು. ಕೂತು ಏನಾದರೂ ಕುಡಿಯಬೇಕು, ನಾಲ್ಕು ಮಾತಾಡಬೇಕು, ಏಳುವಾಗ ಬಟ್ಟೆ ಕೊಡವಿಕೊಳ್ಳಬೇಕು. ಸತ್ತವರು ಬೆನ್ನು ಹತ್ತಿ ಬಂದಿದ್ದರೆ ಅಲ್ಲೇ ಉಳಿದುಬಿಡುತ್ತಾರೆ. ಮನೆಯಲ್ಲಿ ಕೂಸು ಇರುತ್ತದೆ, ಬಸುರಿ ಇರುತ್ತಾಳೆ, ಅವರ ಮೇಲೆ ಆ ನೆರಳು ಬೀಳಬಾರದು. ಓದಿದವರು, ಓದದವರು, ಪಾದ್ರಿಯ ಅಕ್ಕ, ಶಾಲೆಯ ಮೇಷ್ಟರು, ಎಲ್ಲರೂ ಇದನ್ನು ನಡೆಸಿಕೊಂಡು ಬಂದವರೇ.

ದೋಣಿಕಟ್ಟೆಯ ಹತ್ತಿರ ಸೇಪಕ್ಕನ ಊಟದಂಗಡಿ. ತಗಡಿನ ಮಾಡು, ಎರಡು ಉದ್ದನೆಯ ಬೆಂಚು, ಒಲೆಯ ಮೇಲೆ ಸಾಲಾಗಿ ಮುಚ್ಚಿಟ್ಟ ಪಾತ್ರೆಗಳು. ಊರಲ್ಲಿ ಯಾರು ಸತ್ತರೂ ಕೊಡವಿಕೊಳ್ಳುವುದಕ್ಕೆ ಜನ ಅಲ್ಲಿಗೇ ಬರುವರು.

"ಅಲ್ಲ ಸೇಪಕ್ಕ, ಊರಿನ ಸತ್ತೋರನ್ನೆಲ್ಲ ನಿನ್ನ ಅಂಗಡೀಲಿ ಬಿಟ್ಟು ಹೋಗ್ತೀವಲ್ಲ, ನಿಂಗೇನೂ ಆಗಲ್ವಾ?" ಎಂದು ಯಾರಾದರೂ ಕೇಳಿದರೆ ಅವಳು ಸೌಟು ಎತ್ತುತ್ತಿದ್ದಳು. "ಏನೂ ತಗೊಳ್ದೆ ಬೆಂಚಿನ ಮೇಲೆ ಕೂರೋಕೆ ಬದುಕಿರೋರ್ನೇ ನಾನು ಬಿಡಲ್ಲ. ಸತ್ತೋರ್ನ ಬಿಡ್ತೀನಾ?"

ಇಡೀ ಊರಿನಲ್ಲಿ ಈ ಪದ್ಧತಿ ಮುರಿದವಳು ಒಬ್ಬಳೇ. ಸರ್ಕಾರಿ ಆರೋಗ್ಯ ಕೇಂದ್ರದ ಲೂಮಿಂಗ್ ಡಾಕ್ಟರಮ್ಮ.

ಅವಳ ಪೂರ್ತಿ ಹೆಸರು ಇಲುಮಿನಾದಾ ಗ್ರೆಫಿಯೆಲ್. ಸಮಾರ್ ದ್ವೀಪದ ಆಚೆ ಕರಾವಳಿಯವಳು. ತಾಯಿ ಬಟ್ಟೆ ಹೊಲಿಯುವವಳು. ಶಾಲೆ ಮಕ್ಕಳ ಸಮವಸ್ತ್ರ ಹೊಲಿದು ಹೊಲಿದು ಮಗಳನ್ನು ಡಾಕ್ಟರಿಕೆ ಓದಿಸಿದಳು. ಓದು ಮುಗಿಸಿ ಲೂಮಿಂಗ್ ಸಾನ್ ಬರ್ನಾಬೆಗೆ ಬಂದಾಗ ಎರಡು ವರ್ಷಕ್ಕೆಂದು ಬಂದಿದ್ದಳು. ಆಮೇಲೆ ಬರಬೇಕಾದ ಡಾಕ್ಟರು ಬರಲಿಲ್ಲ, ಅವನ ನಂತರದವನೂ ಬರಲಿಲ್ಲ, ಇವಳು ಉಳಿದಳು. ಮದುವೆಯ ಮಾತು ಒಂದೆರಡು ಸಲ ಬಂತು. ಒಂದು ಸಲ ಹುಡುಗನ ಕಡೆಯವರು ಮನೆಯಲ್ಲಿ ಕೂತಿದ್ದಾಗಲೇ ಯಾರಿಗೋ ಹೆರಿಗೆ ನೋವು ಬಂತು, ಎದ್ದು ಹೋದಳು. ಹಿಂದಿರುಗುವಷ್ಟರಲ್ಲಿ ಅವರು ಕಾಫಿ ಕುಡಿದು ದೋಣಿ ಹತ್ತಿಯಾಗಿತ್ತು. ತಾಯಿ ತನ್ನ ಹೊಲಿಗೆ ಮಿಷನ್ನು ಹೇರಿಕೊಂಡು ಬಂದು ಮಗಳ ಜೊತೆಗೇ ನೆಲೆಸಿದಳು.

ಕಲಿಯುವಾಗ ಹಿರಿಯ ವೈದ್ಯರೊಬ್ಬರು ಹೇಳಿದ್ದರು, ಸತ್ತ ರೋಗಿಯ ಮನೆಗೆ ಡಾಕ್ಟರಾದವರು ಹೋಗಬಾರದು, ಹೋದರೆ ಅವರ ಕಣ್ಣು ನಿನ್ನನ್ನು ಬಿಡುವುದಿಲ್ಲ, ನಾಳೆ ಕೈ ನಡುಗುತ್ತದೆ ಅಂತ. ಲೂಮಿಂಗ್ ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಳಿಸಲಾಗದವರಿಗೆ ಕಣ್ಣು ಮುಚ್ಚಿಸಿ, ಕೈ ತೊಳೆದುಕೊಂಡು, ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ಆದರೆ ಸಂಜೆ ಮನೆಗೆ ಬಂದರೆ ತಾಯಿ ಮಿಷನ್ ತುಳಿಯುತ್ತಾ, ತಲೆ ಎತ್ತದೆ ಕೇಳುವಳು:

"ಇವತ್ತು ಯಾರ್ಯಾರು ಬಂದಿದ್ರು?"

ಅಷ್ಟು ಕೇಳಿದರೆ ಸಾಕಿತ್ತು. ಲೂಮಿಂಗ್ ಬೂಟು ಬಿಚ್ಚುತ್ತಾ ಹೇಳುತ್ತಾ ಹೋಗುವಳು. ಬಂದವರು, ಹೋದವರು, ಬಯ್ದವರು, ಸತ್ತವರು. ತಾಯಿ ಹೂಂ ಎನ್ನುವಳು, ದಾರ ಕಚ್ಚಿ ಹರಿಯುವಳು. ಸಮಾಧಾನದ ಮಾತು ಒಂದೂ ಆಡಿದವಳಲ್ಲ. ಕೇಳಿದ ಮೇಲೆ ಅನ್ನ ಬಡಿಸುತ್ತಿದ್ದಳು.

ತಾಯಿ ಸತ್ತ ಮೇಲೆ ಕೇಳುವವರಿಲ್ಲವಾದರು.

ಮಣ್ಣು ಮಾಡಿದ ದಿನ ಗೋರಿಗಳ ಹತ್ತಿರದಿಂದ ಎಲ್ಲರೂ ಸೇಪಕ್ಕನ ಅಂಗಡಿಯ ಕಡೆ ತಿರುಗಿದರು. ಲೂಮಿಂಗ್ ತಿರುಗಲಿಲ್ಲ. ನೆಟ್ಟಗೆ ಮನೆಗೆ ಬಂದಳು. ತಾಯಿ ಹಿಂದೆ ಬರುವುದಾದರೆ ಬರಲಿ ಎಂದೇ ಬಂದಳು. ಬಾಗಿಲು ತೆರೆದು ಹಿಡಿದುಕೊಂಡು, ಒಬ್ಬರು ಒಳಗೆ ಹೋಗುವಷ್ಟು ಹೊತ್ತು ಪಕ್ಕಕ್ಕೆ ಸರಿದು ನಿಂತಳು. ಯಾರೂ ಬಂದ ಹಾಗೆ ಅನ್ನಿಸಲಿಲ್ಲ. ಆದರೂ ಹಿರಿಯ ವೈದ್ಯರ ಮಾತು ಆ ದಿನವೇ ಮುರಿದುಬಿತ್ತು. ಅಲ್ಲಿಂದ ಮುಂದೆ ತನ್ನ ಕೈಯಲ್ಲಿ ಹೋದ ಪ್ರತಿಯೊಬ್ಬರ ಮನೆಗೂ ಅವಳು ಹೋಗತೊಡಗಿದಳು. ಶವಪೆಟ್ಟಿಗೆಯ ಪಕ್ಕ ಕೂತು, ಒಂದು ಜಪ ಮುಗಿಸಿ, ನೆಟ್ಟಗೆ ಮನೆಗೆ ಬರುವಳು. ಮನೆಯಲ್ಲಿ ಕೂಸಿಲ್ಲ, ಬಸುರಿ ಇಲ್ಲ, ಬಂದರೆ ಬರಲಿ. ಬಾಗಿಲಲ್ಲಿ ನಿಂತು, ರೋಗಿಗಳಿಗೆ ಹೇಳುವ ಹಾಗೇ ಹೇಳುವಳು: "ಕಾಲು ಒರೆಸ್ಕೊಂಡು ಒಳಗೆ ಬನ್ನಿ."

ಇದನ್ನು ಬಟ್ಟೆ ಒಗೆಯುವವಳು ಒಂದು ದಿನ ಹಿತ್ತಿಲಿನಿಂದ ಕೇಳಿಸಿಕೊಂಡಳು. ಇಣುಕಿ ನೋಡಿದರೆ ಬಾಗಿಲಲ್ಲಿ ಡಾಕ್ಟರಮ್ಮ ಒಬ್ಬಳೇ. ಆ ಸಂಜೆಯೊಳಗೆ ಮಾತು ದೋಣಿಕಟ್ಟೆ ಮುಟ್ಟಿತು, ಭಾನುವಾರದ ಪೂಜೆಯ ಹೊತ್ತಿಗೆ ಬೆಟ್ಟದ ಮೇಲಿನ ಕೇರಿಗೂ ಹೋಯಿತು. ಡಾಕ್ಟರಮ್ಮನ ಮನೆ ತುಂಬ ಸತ್ತವರಿದ್ದಾರಂತೆ. ಸಂಜೆ ಸಾಲಾಗಿ ಕೂತು ಅವಳ ಹತ್ತಿರ ಮಾತಾಡುತ್ತಾರಂತೆ.

ಯಾರೂ ಅವಳ ಎದುರಿಗೆ ಅನ್ನಲಿಲ್ಲ. ಹಗಲು ಆರೋಗ್ಯ ಕೇಂದ್ರಕ್ಕೆ ಬರುವವರು ಮೊದಲಿನ ಹಾಗೇ ಬಂದರು. ಆದರೆ ಮನೆಯ ಬಾಗಿಲು ಬಡಿಯುವವರು ಕಡಿಮೆಯಾದರು. ಮೊದಲು ಊಟದ ನಡುವೆ, ಸ್ನಾನದ ನಡುವೆ, ರಜೆಯ ದಿನ, ಗೇಟು ಕಿರುಗುಟ್ಟುತ್ತಲೇ ಇರುತ್ತಿತ್ತು. ಈಗ ಅದಕ್ಕೆ ತುಕ್ಕು ಹಿಡಿಯಿತು. ಲೂಮಿಂಗಿಗೆ ಕಾರಣ ಗೊತ್ತಿರಲಿಲ್ಲ. ತನಗೆ ವಯಸ್ಸಾಯಿತು, ಕರುಣೆ ಕಡಿಮೆಯಾಯಿತು, ಜನಕ್ಕೆ ಅದು ವಾಸನೆ ಹೊಡೆದಿದೆ ಎಂದುಕೊಂಡಳು. ಒಳಗೇ ಒಂದು ಕಡೆ ಹಗುರವೂ ಆಯಿತು. ಆ ಹಗುರವೇ ಅವಳನ್ನು ಹೆದರಿಸಿತು.

ಏಕೆಂದರೆ ಇತ್ತೀಚೆಗೆ ಯಾರಾದರೂ ಸತ್ತರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಕಣ್ಣು ಒಣಗಿದ್ದು ಹಾಗಿರಲಿ, ಎದೆಯೂ ಒಣಗಿತ್ತು. ಮನೆಗೆ ಬಂದು ಅನ್ನದ ತಟ್ಟೆಯ ಮುಂದೆ ಕೂತು, ಇವತ್ತು ಹೋದವಳ ಹೆಸರೇನು ಎಂದು ನೆನಪು ಮಾಡಿಕೊಳ್ಳಬೇಕಾಗುತ್ತಿತ್ತು.

ಆ ಹೊತ್ತಿಗೆ ಮನಿಲಾದಿಂದ ಸಿಂತಾ ಫೋನು ಮಾಡಿದಳು. ಸಿಂತಾ ಅವಳ ಜೊತೆ ಓದಿದವಳು. ಹಡಗಿನ ಕೆಲಸಕ್ಕೆ ಹೋಗುವ ಹುಡುಗರ ಆರೋಗ್ಯ ನೋಡಿ ಅರ್ಜಿಗೆ ಮುದ್ರೆ ಒತ್ತುವ ದವಾಖಾನೆ ನಡೆಸುತ್ತಿದ್ದಳು.

"ಬಾರೇ ಇಲ್ಲಿಗೆ. ಎಲ್ಲಾ ಗಟ್ಟಿಮುಟ್ಟಾಗಿರೋ ಹುಡುಗ್ರು. ಹಲ್ಲು ನೋಡು, ಎದೆ ನೋಡು, ಮುದ್ರೆ ಒತ್ತು. ಸಂಜೆ ಐದಕ್ಕೆ ಬಾಗಿಲು ಹಾಕು. ನನ್ನ ಜಾಗದಲ್ಲಿ ಇಷ್ಟು ವರ್ಷದಲ್ಲಿ ಒಬ್ನೂ ಸತ್ತಿಲ್ಲ, ಗೊತ್ತಾ?"

ಲೂಮಿಂಗ್ ತಿಂಗಳ ಕೊನೆಗೆ ಹೇಳುತ್ತೇನೆ ಎಂದಳು. ಹೇಳುವುದೇನು, ಮನಸ್ಸು ಆಗಲೇ ಹೊರಟಿತ್ತು. ಸಾಮಾನು ತುಂಬಲು ಪೆಟ್ಟಿಗೆಗಳನ್ನೂ ತರಿಸಿಟ್ಟಳು. ತಾನು ಹೋದರೆ ಇಲ್ಲಿಗೆ ಇನ್ನೊಬ್ಬ ಡಾಕ್ಟರು ಬರುವುದು ಕಷ್ಟ ಎಂದು ಅವಳಿಗೆ ಗೊತ್ತು. ಆದರೆ ಏನೂ ಅನ್ನಿಸದ ಡಾಕ್ಟರು ಇದ್ದರೆಷ್ಟು ಬಿಟ್ಟರೆಷ್ಟು ಎಂದೂ ಅನ್ನಿಸಿತು.

ಊರಿನಲ್ಲಿ ಅವಳ ಜೊತೆ ತಮಾಷೆಯಾಗಿ ಮಾತಾಡುತ್ತಿದ್ದವನು ಒಬ್ಬನೇ, ಕಳ್ಳು ಇಳಿಸುವ ಇಸ್ಲಾವ್. ದಪ್ಪ ದನಿ, ದಪ್ಪ ಹೊಟ್ಟೆ. ಅಷ್ಟು ದೊಡ್ಡ ದೇಹ ತೆಂಗಿನ ತುದಿಗೆ ಏರುವುದನ್ನು ನೋಡಿದರೆ ಮರಕ್ಕೇ ಅಯ್ಯೋ ಅನ್ನಬೇಕು. ಬೆಳಿಗ್ಗೆ ಬೊಂಬಿನ ಕೊಳವೆ ಹೆಗಲಿಗೇರಿಸಿ ಆರೋಗ್ಯ ಕೇಂದ್ರದ ಮುಂದೆಯೇ ಹಾದು ಹೋಗುವನು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಮರದ ತೊಗಟೆ ಹಾಕಿ ಕೆಂಪಗೆ ಮಾಡಿದ ಅವನ ಕಳ್ಳಿಗೆ ಊರೆಲ್ಲ ಗಿರಾಕಿ. ಡಾಕ್ಟರಮ್ಮನಿಗೆ ಮಾತ್ರ ಹುಳಿಯಾದ ಕಳ್ಳು ತಂದುಕೊಡುವನು, ಮೀನಿಗೆ ಹಾಕಲು.

"ಇಸ್ಲಾವಣ್ಣ, ನಿನ್ನ ರಕ್ತದೊತ್ತಡ ಮರಕ್ಕಿಂತ ಮೇಲೆ ಹೋಗಿದೆ. ಗುಳಿಗೆ ತಗೋತಿದ್ದೀಯಾ?"

"ತಗೋತೀನಿ ಡಾಕ್ಟ್ರಮ್ಮ. ಮರದ ಮೇಲೆ ಕೂತು ತಗೋತೀನಿ. ಅಲ್ಲಿಂದ ನೀವು ಸಣ್ಣಕೆ ಕಾಣ್ತೀರ, ಭಯ ಆಗಲ್ಲ."

ಒಂದು ಭಾನುವಾರ ಮಧ್ಯಾಹ್ನ. ಆರೋಗ್ಯ ಕೇಂದ್ರಕ್ಕೆ ರಜೆ. ಲೂಮಿಂಗ್ ತಾಯಿಯ ಬಟ್ಟೆಯ ತುಂಡುಗಳನ್ನು ಪೆಟ್ಟಿಗೆಗೆ ಹಾಕಲೋ ಬೇಡವೋ ಎಂದು ಕೈಯಲ್ಲಿ ಹಿಡಿದು ಕೂತಿದ್ದಳು. ಕಿಟಕಿಯ ಹೊರಗೆ, ಗೇಟಿನ ಆಚೆ, ಇಸ್ಲಾವ್ ನಿಂತಿದ್ದ. ಟೋಪಿ ಕೈಯಲ್ಲಿತ್ತು. ಭಾನುವಾರದ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಕೊಳವೆ ಇರಲಿಲ್ಲ. ಗೇಟಿನ ಮೇಲೆ ಕೈ ಇಟ್ಟ, ತೆಗೆದ. ಮನೆಯ ಕಡೆ ನೋಡಿದ. ಕರೆದರೆ ಒಳಗೆ ಬರುತ್ತಾನೆ, ಬಂದರೆ ಮಾತಾಡುತ್ತಾನೆ, ಪೆಟ್ಟಿಗೆ ನೋಡಿ ಎಲ್ಲಿಗೆ ಎನ್ನುತ್ತಾನೆ ಎಂದು ಲೂಮಿಂಗ್ ಕರೆಯಲಿಲ್ಲ. ಬೇಕಿದ್ದರೆ ಅವನೇ ಕೂಗುತ್ತಾನೆ, ಬಾಯಿಲ್ಲದವನಲ್ಲವಲ್ಲ ಎಂದುಕೊಂಡಳು. ಅವನು ಸ್ವಲ್ಪ ಹೊತ್ತು ನಿಂತು, ಟೋಪಿ ತಲೆಗಿಟ್ಟು, ಬಂದ ದಾರಿಯಲ್ಲೇ ನಿಧಾನವಾಗಿ ಹೋದ. ಅವನು ಮರೆಯಾದ ಮೇಲೆ ಅವಳು ಉಸಿರು ಬಿಟ್ಟಳು.

ಸೋಮವಾರ ಬೆಳಿಗ್ಗೆ ಅವನನ್ನು ಮೂರುಗಾಲಿ ಗಾಡಿಯಲ್ಲಿ ತಂದರು. ಗಾಡಿ ಓಡಿಸುವ ಆಂಬೋ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಇಸ್ಲಾವನ ಅಂಗಿಯ ಕೊರಳು ಹಿಡಿದುಕೊಂಡು ಬಂದಿದ್ದ. ಮರದಿಂದ ಬಿದ್ದದ್ದಲ್ಲ. ಇಳಿದು ಬಂದು, ಕೊಳವೆಯನ್ನು ಬುಡಕ್ಕೆ ಒರಗಿಸಿಟ್ಟು, ತಾನೂ ಪಕ್ಕದಲ್ಲಿ ಕೂತವನು ಮತ್ತೆ ಏಳಲಿಲ್ಲವಂತೆ. ಲೂಮಿಂಗ್ ಅವನ ಎದೆಯ ಮೇಲೆ ಎರಡೂ ಅಂಗೈ ಊರಿ, ತನ್ನ ಮೈಯ ಭಾರವನ್ನೆಲ್ಲ ಹಾಕಿ ಒತ್ತಿದಳು. ನರ್ಸು ಸಾಕು ಎಂದ ಮೇಲೂ ಒತ್ತಿದಳು. ಅಷ್ಟು ದೊಡ್ಡ ಎದೆ ಅವಳ ಕೈಕೆಳಗೆ ಮೂಟೆಯ ಹಾಗೆ ಸುಮ್ಮನಿತ್ತು.

ಆ ದಿನ ಏನೋ ಅನ್ನಿಸಿತು. ಎಷ್ಟೋ ಕಾಲದ ಮೇಲೆ ಅನ್ನಿಸಿತು, ಆದ್ದರಿಂದ ತಡೆಯಲಾಗಲಿಲ್ಲ. ಭಾನುವಾರವೇ ಅವನು ಒಳಗೆ ಬಂದಿದ್ದರೆ ನಾಲಿಗೆ ಕೆಳಗೆ ಇಡುವ ಗುಳಿಗೆ ಇತ್ತು, ದೊಡ್ಡಾಸ್ಪತ್ರೆಗೆ ಕಳಿಸಲು ಗಾಡಿ ಇತ್ತು. ಉಳಿಯುತ್ತಿದ್ದನೋ ಇಲ್ಲವೋ, ಯಾವ ಡಾಕ್ಟರೂ ಹೇಳಲಾರರು. ಆದರೆ ಒಳಗೆ ಬಂದು ನೋವು ಹೇಳಿಕೊಳ್ಳುವುದಕ್ಕೆ ಬಂದವನು ಹೇಳಿಕೊಳ್ಳದೆ ಹೋಗಿದ್ದ. ಯಾಕೆ ಹೋದ ಎಂಬುದು ಅವಳಿಗೆ ತಿಳಿಯದೆ ತಲೆ ಕೊರೆಯಿತು.

ಮರುದಿನ ಸಂಜೆ, ಬೆಳಕು ಇನ್ನೂ ಇದ್ದಾಗ, ಇಸ್ಲಾವನ ಮನೆಗೆ ಹೋದಳು. ಅಂಗಳದಲ್ಲಿ ಹೆಣ ಕಾಯುವ ಗಂಡಸರು ಇಸ್ಪೀಟು ಆಡುತ್ತಿದ್ದರು. ಅವಳನ್ನು ಕಂಡು ದಾರಿ ಬಿಟ್ಟರು. ಒಳಗೆ ಶವಪೆಟ್ಟಿಗೆಯ ಗಾಜಿನ ಕೆಳಗೆ ಇಸ್ಲಾವ್ ಅದೇ ಭಾನುವಾರದ ಅಂಗಿಯಲ್ಲಿ ಮಲಗಿದ್ದ. ತಲೆಯ ಹತ್ತಿರ ದೊಡ್ಡ ದೀಪ, ಕಾಲ ಹತ್ತಿರ ಇನ್ನೊಂದು. ಹೆಂಡತಿ ತೆಕ್ಲಾ ಪಕ್ಕದಲ್ಲಿ ಕೂತು, ಗಾಜಿನ ಮೇಲೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದಳು. ಸಣ್ಣ ಮೈಯ ಹೆಂಗಸು, ಮಾತು ಕಡಿಮೆ. ಇಬ್ಬರ ಮಾತನ್ನೂ ಗಂಡನೇ ಆಡಿಬಿಡುತ್ತಿದ್ದ.

ಲೂಮಿಂಗ್ ಜಪ ಮುಗಿಸಿದಳು. ಆಮೇಲೆ ತೆಕ್ಲಾ ಕೆಳದನಿಯಲ್ಲಿ ಹೇಳಿದಳು, "ಭಾನುವಾರ ನಿಮ್ಮ ಗೇಟಿನವರೆಗೂ ಬಂದಿದ್ದ."

"ಗೊತ್ತು ತೆಕ್ಲಕ್ಕ. ಕಿಟಕಿಯಿಂದ ನೋಡ್ದೆ." ಲೂಮಿಂಗ್ ನೆಲ ನೋಡಿದಳು. "ಕರೀಲಿಲ್ಲ."

ಬೀಸಣಿಗೆ ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಆಡಿತು.

"ಕರೆದಿದ್ರೂ ಬರ್ತಿರ್ಲಿಲ್ಲ. ಮನೆಗೆ ಬಂದು ಏನಂದ ಗೊತ್ತಾ? ಡಾಕ್ಟ್ರಮ್ಮನ ಮನೆ ತುಂಬ ಜನ ಅವ್ರೆ, ನಂಗೆ ಕೂರೋಕೆ ಜಾಗ ಇಲ್ಲ ಅಂದ. ನಗ್ತಾ ಅಂದ. ನಾನೂ ನಕ್ಕೆ."

"ನನ್ನ ಮನೇಲಾ? ಯಾವ ಜನ?"

ತೆಕ್ಲಾ ಅವಳ ಮುಖವನ್ನೇ ನೋಡಿದಳು. ನಿಜವಾಗಿಯೂ ಗೊತ್ತಿಲ್ಲವೋ ಎಂದು ನೋಡುವ ಹಾಗೆ. "ನೀವು ಇಲ್ಲಿಂದೆಲ್ಲ ಕರ್ಕೊಂಡು ಹೋಗ್ತೀರಲ್ಲ, ಅವರು. ಊರಿಗೆಲ್ಲ ಗೊತ್ತು. ನೆಟ್ಟಗೆ ಮನೆಗೆ ಹೋಗ್ತೀರಿ, ಬಾಗಿಲು ತೆಗ್ದು ಒಳಗೆ ಕರೀತೀರಿ. ನಿಮ್ಮ ಮನೆಗೆ ಯಾಕೆ ಯಾರೂ ಬರಲ್ಲ ಅಂದ್ಕೊಂಡಿದ್ರಿ?"

ಲೂಮಿಂಗಿಗೆ ತುಕ್ಕು ಹಿಡಿದ ಗೇಟು ಕಣ್ಣ ಮುಂದೆ ಬಂತು. ತಾನು ಒಂಟಿತನ ನೀಗಲೆಂದು ಸತ್ತವರನ್ನು ಕರೆದಷ್ಟೂ ಬದುಕಿರುವವರು ದೂರ ಸರಿದಿದ್ದರು. ಆ ದೂರವೇ ಭಾನುವಾರ ಇಸ್ಲಾವನನ್ನು ಗೇಟಿನ ಆಚೆ ನಿಲ್ಲಿಸಿತ್ತು.

"ನಾನು ಜಗಳಕ್ಕೆ ಹೇಳ್ತಿಲ್ಲ," ಎಂದಳು ತೆಕ್ಲಾ. "ಒಂದು ಕೇಳ್ಬೇಕಿತ್ತು, ಅದಕ್ಕೆ. ಈತ ಮರದ ತುದೀಲಿ ಗಾಳಿಗೆ ತೂಗಾಡ್ತಿದ್ದೋನು. ಊರೆಲ್ಲ ಗಂಡೆದೆ ಅಂತಿತ್ತು. ಕತ್ತಲೆ ಅಂದ್ರೆ ಜೀವ ಬಾಯಿಗೆ ಬರೋದು ಇವ್ನಿಗೆ. ಮದ್ವೆ ಆದಾಗಿಂದ ನಾವು ದೀಪ ಆರ್ಸಿ ಮಲಗಿದ್ದೇ ಇಲ್ಲ. ಯಾರ್ಗೂ ಹೇಳ್ಬೇಡ ಅಂತ ಆಣೆ ಹಾಕ್ಸಿದ್ದ, ಈಗ ಹೇಳ್ತಿದ್ದೀನಿ." ಅವಳು ಬೀಸಣಿಗೆಯಿಂದ ಗಾಜಿನ ಮೇಲಿನ ಬತ್ತಿಯ ಬೂದಿ ಸರಿಸಿದಳು. "ಇವನನ್ನ ನಿಮ್ಮ ಮನೆಗೆ ಕರ್ಕೊಂಡು ಹೋಗ್ಬೇಡಿ ಡಾಕ್ಟ್ರಮ್ಮ. ಅಲ್ಲಿ ಕತ್ಲೆ. ಸೇಪಳ ಅಂಗಡೀಲಿ ಬಿಡಿ. ಅಲ್ಲಿ ದೀಪ ಇರತ್ತೆ, ಇವನ ಕಳ್ಳು ಕುಡ್ದೋರೇ ಕೂತಿರ್ತಾರೆ. ಅಲ್ಲಿಂದ ಮುಂದಿನ ದಾರಿ ಅವನೇ ನೋಡ್ಕೋತಾನೆ."

ಲೂಮಿಂಗ್ ಹೂಂ ಎಂದಳು. ಎದ್ದಳು. ಸಾವಿನ ಮನೆಯವರು ಬಂದವರನ್ನು ಬಾಗಿಲವರೆಗೆ ಕಳಿಸಿಕೊಡುವುದಿಲ್ಲ, ಬಂದಿದ್ದಕ್ಕೆ ಉಪಕಾರವಾಯಿತು ಎನ್ನುವುದೂ ಇಲ್ಲ. ಕಳಿಸಲು ಎದ್ದರೆ ಇನ್ನೊಂದು ಸಾವನ್ನು ಕಳಿಸಿದ ಹಾಗೆ. ತೆಕ್ಲಾ ಕೂತಲ್ಲೇ ಕೂತಿದ್ದಳು. ಲೂಮಿಂಗ್ ಒಬ್ಬಳೇ ಹೊರಗೆ ಬಂದಳು.

ಚರ್ಚಿನ ಹಿಂದೆ ದಾರಿ ಕವಲಾಗುತ್ತದೆ. ಎಡಕ್ಕೆ ಹೋದರೆ ಆರೋಗ್ಯ ಕೇಂದ್ರ, ಅದರ ಹಿಂದೆ ಅವಳ ಮನೆ. ಬಲಕ್ಕೆ ದೋಣಿಕಟ್ಟೆ. ಕವಲಿನಲ್ಲಿ ಅವಳು ನಿಂತಳು. ಬೆನ್ನ ಹಿಂದೆ ಯಾರೂ ಇಲ್ಲ ಎಂದು ಓದಿದ ತಲೆಗೆ ಗೊತ್ತು. ಆದರೂ ಅಷ್ಟು ದೊಡ್ಡ ದೇಹ, ಅಷ್ಟು ದಪ್ಪ ದನಿ ಮನೆಯಲ್ಲಿದ್ದರೆ ಎಂದು ಒಂದು ಕ್ಷಣ ಆಸೆಯಾಯಿತು. ಅನ್ನದ ತಟ್ಟೆಯ ಎದುರಿಗೆ ಕೂತು ಏನಾದರೂ ತಮಾಷೆ ಮಾಡುವವನು. ಅಮ್ಮ ಕೂಡ ನಗುತ್ತಿದ್ದಳು. ಎಡಗಡೆಯ ದಾರಿಯಲ್ಲಿ ಅವಳ ಮನೆಯ ಕಿಟಕಿ ಕಾಣುತ್ತಿತ್ತು. ದೀಪ ಹಚ್ಚಿರಲಿಲ್ಲ.

ಬಲಕ್ಕೆ ತಿರುಗಿದಳು.

ಸೇಪಕ್ಕನ ಬೆಂಚಿನ ಮೇಲೆ ಆಂಬೋ ಇದ್ದ, ಬಲೆ ಹೆಣೆಯುವ ಒಬ್ಬ ಮುದುಕನಿದ್ದ, ಇನ್ನೂ ಒಂದಿಬ್ಬರು. ಎಲ್ಲ ಇಸ್ಲಾವನ ಮನೆಯಿಂದಲೇ ಬಂದವರು. ಡಾಕ್ಟರಮ್ಮನನ್ನು ಕಂಡು ಬಾಯಿಗಿಟ್ಟ ಲೋಟ ಅಲ್ಲೇ ನಿಂತಿತು. ಸೇಪಕ್ಕ ಮಾತ್ರ ಒಲೆಯಿಂದ ತಿರುಗದೆಯೇ ಹೇಳಿದಳು:

"ಅಂತೂ ದಾರಿ ಸಿಕ್ತು ನಿಮ್ಗೆ. ಕೂತ್ಕೊಳ್ಳಿ. ಆಂಬೋ, ಸರ್ಕೊ. ಬೆಂಚೇನು ನಿನ್ನ ಮಾವ ಮಾಡ್ಸಿಕೊಟ್ಟಿದ್ದಾ?"

ಆಂಬೋ ಸರಿದ. ಅವನೂ ಅವಳೂ ನಡುವೆ ಸ್ವಲ್ಪ ಜಾಗ ಬಿಟ್ಟೇ ಕೂತರು. ಆ ಜಾಗವನ್ನು ಎಲ್ಲರೂ ಒಂದು ಸಲ ನೋಡಿ ಕಣ್ಣು ತೆಗೆದರು. ಸೇಪಕ್ಕ ಶುಂಠಿ ಬೇಯಿಸಿದ ಬಿಸಿ ನೀರನ್ನು ತಂದಿಟ್ಟಳು, ಬೆಲ್ಲ ಕದಡಿದ್ದು. ಒಂದು ಬನ್ನು ಇಟ್ಟಳು.

ಆಂಬೋ, ಲೂಮಿಂಗ್ ಬರುವ ಮೊದಲು ಬಿಟ್ಟ ಮಾತನ್ನೇ ಮುಂದುವರಿಸುವ ಹಾಗೆ ಹೇಳಿದ. "ಭಾನುವಾರ ದಾರೀಲಿ ಸಿಕ್ಕಿದ್ದ. ಬೆವರ್ತಿದ್ದ. ಗಾಡಿ ಹತ್ತು ಅಂದೆ, ನಡೀತೀನಿ ಅಂದ. ಮಧ್ಯಾಹ್ನಕ್ಕೇ ನಿನ್ನ ಕಳ್ಳು ನೀನೇ ಕುಡ್ದ್ಯಾ ಅಂತ ತಮಾಷೆ ಮಾಡಿ ಹೋಗ್ಬಿಟ್ಟೆ ನಾನು."

"ಇಲ್ಲೇ ಕೂತಿದ್ದ," ಎಂದಳು ಸೇಪಕ್ಕ. "ಎಡತೋಳು ನೋಯ್ತಿದೆ ಅಂದ. ಎಣ್ಣೆ ಹಾಕಿ ಉಜ್ಜಿದೆ. ಕಮ್ಮಿ ಆಗ್ಲಿಲ್ಲ. ಡಾಕ್ಟ್ರಮ್ಮನ ಹತ್ರ ಹೋಗು ಅಂತ ನಾನೇ ಕಳಿಸ್ದೆ. ಸೇಪಾ ನೀನೂ ಬಾ ಜೊತೇಲಿ ಅಂದ. ಒಲೆ ಮೇಲೆ ಮೀನಿತ್ತು. ದೊಡ್ಡ ಗಂಡ್ಸು, ನಾಚ್ಕೆ ಆಗಲ್ವಾ ಅಂದೆ." ಅವಳು ಹೆಗಲ ಮೇಲಿನ ಬಟ್ಟೆಯ ತುಂಡಿನಿಂದ ಮುಖ ಒರೆಸಿಕೊಂಡಳು. "ಸುಟ್ಟೋಯ್ತು ಆ ಮೀನು ಕೊನೆಗೆ."

ಬಲೆ ಹೆಣೆಯುವ ಮುದುಕ ಹೂಂಗುಟ್ಟಿದ. ಯಾರೂ ಬಿಡು ಎನ್ನಲಿಲ್ಲ, ನಿನ್ನ ತಪ್ಪಲ್ಲ ಎನ್ನಲಿಲ್ಲ.

ಲೂಮಿಂಗ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಮ್ಮ ಗೇಟಿನವರೆಗೆ ಬಂದಿದ್ದ," ಎಂದಳು. "ನಾನು ಕಿಟಕಿಯಿಂದ ನೋಡ್ದೆ. ಬಂದ್ರೆ ಮಾತಾಡ್ಸ್ತಾನೆ ಅಂತ ಕರೀಲಿಲ್ಲ."

ಆಂಬೋ ಹೂಂ ಎಂದ. ಮುದುಕ ಹೂಂ ಎಂದ. ಸೇಪಕ್ಕ ಅವಳ ಲೋಟಕ್ಕೆ ಇನ್ನಷ್ಟು ಶುಂಠಿ ನೀರು ಬಗ್ಗಿಸಿದಳು. ಅಮ್ಮ ದಾರ ಕಚ್ಚಿ ಹರಿಯುತ್ತಿದ್ದ ಸದ್ದು ಲೂಮಿಂಗಿಗೆ ಎಲ್ಲಿಂದಲೋ ನೆನಪಾಯಿತು.

ಆಮೇಲೆ ಮುದುಕ ಶುರು ಮಾಡಿದ. ಒಂದು ಸಲ ಇಸ್ಲಾವ್ ಮರದ ಮೇಲಿದ್ದಾಗ ಕೆಳಗೆ ಪಾದ್ರಿ ಹಾದು ಹೋದರಂತೆ. ಮೇಲಿನಿಂದ ಇವನು, ಸ್ವಾಮೀ, ನಾನು ನಿಮಗಿಂತ ಮೇಲಿದ್ದೀನಿ, ಸ್ವರ್ಗಕ್ಕೆ ಹೇಳೋ ಮಾತೇನಾದ್ರೂ ಇದ್ರೆ ಕೊಡಿ, ಹೇಳ್ತೀನಿ ಎಂದನಂತೆ. ಪಾದ್ರಿ ತಲೆ ಎತ್ತಿ, ಮೊದ್ಲು ಚಡ್ಡಿ ಸರಿಯಾಗಿ ಕಟ್ಕೊಳಯ್ಯ, ಸ್ವರ್ಗದೋರು ನೋಡ್ತಿರ್ತಾರೆ ಎಂದರಂತೆ. ಬೆಂಚು ಅಲ್ಲಾಡುವಷ್ಟು ನಕ್ಕರು. ಲೂಮಿಂಗೂ ನಕ್ಕಳು. ನಗು ಅರ್ಧಕ್ಕೆ ಬಂದಾಗ ಅಳುವಾಯಿತು, ಮುಖ ಮುಚ್ಚಿಕೊಂಡಳು. ಎಲ್ಲರೂ ನೋಡಿಯೂ ನೋಡದ ಹಾಗಿದ್ದರು. ಆಂಬೋ ತನ್ನ ಬನ್ನನ್ನು ಸುಮ್ಮನೆ ಅವಳ ತಟ್ಟೆಗೆ ಸರಿಸಿದ.

ಇಷ್ಟು ವರ್ಷ ತನ್ನ ಸತ್ತ ರೋಗಿಗಳನ್ನೆಲ್ಲ ಊರವರು ಈ ಬೆಂಚಿನ ಮೇಲೆ ಹೀಗೇ ಇಳಿಸಿ ಹೋಗಿದ್ದರು. ತಾನು ಮಾತ್ರ ಪಕ್ಕದ ದಾರಿಯಲ್ಲಿ ಹೊತ್ತುಕೊಂಡು ನಡೆದಿದ್ದಳು.

"ಏಳೋವಾಗ ಕೊಡವ್ಕೊಳ್ಳಿ," ಎಂದಳು ಸೇಪಕ್ಕ. "ಹಾಗಲ್ಲ. ಜೋರಾಗಿ. ಬನ್ನಿನ ಪುಡೀನೂ ಬೀಳ್ಬೇಕು."

ಮನೆಗೆ ಬಂದು ಬಾಗಿಲು ತೆರೆದಾಗ ಅಭ್ಯಾಸದ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಒಳಗೆ ಹೋಗಿ ದೀಪ ಹಾಕಿದಳು. ಮನೆ ಖಾಲಿಯಾಗಿತ್ತು. ಇಷ್ಟು ದಿನವೂ ಖಾಲಿಯೇ, ಆದರೆ ಈ ಖಾಲಿ ಬೇರೆ. ಅಮ್ಮನ ಕೋಣೆಯಲ್ಲಿ ಅಮ್ಮ ಇರಲಿಲ್ಲ. ಮಿಷನ್ನು ಬರೀ ಮಿಷನ್ನಾಗಿತ್ತು. ತಟ್ಟೆಯ ಮುಂದೆ ಕೂತು ಅವಳು ಇಸ್ಲಾವನ ಹೆಸರು ನೆನಪು ಮಾಡಿಕೊಳ್ಳಬೇಕಾಗಲಿಲ್ಲ. ಆ ಒಂಟಿತನ ಕಡಿಮೆಯದಲ್ಲ, ಮೊದಲಿನದಕ್ಕಿಂತ ಹೆಚ್ಚೇ. ಆದರೂ ಆ ದಿನ ಅವಳಿಗೆ ನಿದ್ದೆ ಬಂತು.

ಇಸ್ಲಾವನನ್ನು ಮಣ್ಣು ಮಾಡಿದ ಮೇಲಿನ ಭಾನುವಾರ, ಮಧ್ಯಾಹ್ನ. ಲೂಮಿಂಗ್ ಪೆಟ್ಟಿಗೆಗಳ ನಡುವೆ ಕೂತಿದ್ದಳು. ಅರ್ಧ ತುಂಬಿದ್ದನ್ನು ತುಂಬಿಸಲೂ ಇಲ್ಲ, ಬಿಚ್ಚಲೂ ಇಲ್ಲ. ಸಿಂತಾಗೆ ಇನ್ನೂ ಏನೂ ಹೇಳಿರಲಿಲ್ಲ. ತಿಂಗಳು ಮುಗಿಯುತ್ತಾ ಬಂದಿತ್ತು.

ಕಿಟಕಿಯ ಹೊರಗೆ, ಗೇಟಿನ ಆಚೆ, ತೆಕ್ಲಾ ನಿಂತಿದ್ದಳು. ಗಂಡ ನಿಂತ ಜಾಗದಲ್ಲೇ. ಕಪ್ಪು ಬಟ್ಟೆ ಉಟ್ಟಿದ್ದಳು. ಒಂದು ಕೈಯಿಂದ ಗೇಟು ಹಿಡಿದುಕೊಂಡಿದ್ದಳು, ತೆರೆಯುವುದಕ್ಕಲ್ಲ, ಬೀಳದಿರುವುದಕ್ಕೆ.

ಲೂಮಿಂಗ್ ಎದ್ದ ರಭಸಕ್ಕೆ ಒಂದು ಪೆಟ್ಟಿಗೆ ಮಗುಚಿತು. ಬರಿಗಾಲಲ್ಲೇ ಬಾಗಿಲಿಗೆ ಬಂದಳು.

"ತೆಕ್ಲಕ್ಕ. ಏನಾಯ್ತು?"

"ತಲೆ ಸುತ್ತತ್ತೆ. ಕಿವೀಲಿ ಗಾಳಿ ಬೀಸಿದ ಹಾಗೆ." ತೆಕ್ಲಾ ಗೇಟು ಬಿಡಲಿಲ್ಲ. ಡಾಕ್ಟರಮ್ಮನ ಹೆಗಲ ಮೇಲಿಂದ ಮನೆಯೊಳಗೆ ಇಣುಕಿದಳು. "ಒಳಗೆ ಯಾರಿದ್ದಾರೆ?"

ಲೂಮಿಂಗ್ ಹಿಂದೆ ತಿರುಗಿ ನೋಡಿದಳು. ಸುಳ್ಳು ಹೇಳಬಾರದೆಂದು ನಿಜವಾಗಿಯೂ ನೋಡಿದಳು. ಮಗುಚಿದ ಪೆಟ್ಟಿಗೆ, ಹೊಲಿಗೆ ಮಿಷನ್ನು, ಒಂದು ಕುರ್ಚಿ.

"ಯಾರೂ ಇಲ್ಲ," ಎಂದಳು. "ನಾನೊಬ್ಳೇ."

"ಹಾಗಾದ್ರೆ ಬರ್ತೀನಿ."

ತುಕ್ಕು ಹಿಡಿದ ಗೇಟನ್ನು ಇಬ್ಬರೂ ಸೇರಿ ತಳ್ಳಬೇಕಾಯಿತು. ಬಾಗಿಲಲ್ಲಿ ಲೂಮಿಂಗ್ ಬಾಯಿ ತಪ್ಪಿ ಅಂದುಬಿಟ್ಟಳು, "ಕಾಲು ಒರೆಸ್ಕೊಂಡು ಬನ್ನಿ." ತೆಕ್ಲಾ ಥಟ್ಟನೆ ನಿಂತಳು. ಆಮೇಲೆ ತನ್ನ ಕಾಲು ನೋಡಿಕೊಂಡು, ಎರಡನ್ನೂ ಗೋಣಿಗೆ ಉಜ್ಜಿ ಉಜ್ಜಿ ಒರೆಸಿದಳು.

ರಕ್ತದೊತ್ತಡ ಗಂಡನಷ್ಟಿಲ್ಲದಿದ್ದರೂ ಜೋರಾಗಿತ್ತು. ಗಂಡ ಹೋದಾಗಿನಿಂದ ಊಟವಿಲ್ಲ, ನಿದ್ದೆಯಿಲ್ಲ. ಲೂಮಿಂಗ್ ಗುಳಿಗೆ ಕೊಟ್ಟಳು, ಕುರ್ಚಿಯಲ್ಲಿ ಒರಗಿಸಿ ಕೂರಿಸಿದಳು. ಸೊಪ್ಪು, ಶುಂಠಿ ಹಾಕಿ ಗಂಜಿ ಮಾಡಿ ಇಬ್ಬರಿಗೂ ಬಡಿಸಿದಳು. ಎದುರಿಗೆ ಕೂತು ಕೇಳಿದಳು:

"ನಿನ್ನೆ ಮನೆಗೆ ಯಾರ್ಯಾರು ಬಂದಿದ್ರು?"

ತೆಕ್ಲಾ ಒಬ್ಬೊಬ್ಬರನ್ನೇ ಹೇಳುತ್ತಾ ಹೋದಳು. ಗಂಡನ ಮಾತಿನ ಕೆಳಗೆ ಇಷ್ಟು ವರ್ಷ ಮುಚ್ಚಿಟ್ಟಿದ್ದ ಮಾತೆಲ್ಲ ಹೊರಗೆ ಬಂತು. ಲೂಮಿಂಗ್ ಹೂಂಗುಟ್ಟಿದಳು.

ನಡುವೆ ಫೋನು ಬಡಿಯಿತು. ಸಿಂತಾ. ಲೂಮಿಂಗ್ ಕಿಟಕಿಯ ಹತ್ತಿರ ಹೋಗಿ ಮಾತಾಡಿದಳು. "ಇಲ್ಲ ಸಿಂತಾ. ನಾನು ಬರಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊ. ಕೋಪ ಮಾಡ್ಕೋಬೇಡ. ಈಗ ಇಡ್ತೀನಿ, ಮನೇಗೆ ಪೇಷಂಟು ಬಂದಿದ್ದಾರೆ." ಪೇಷಂಟು ಬಂದಿದ್ದಾರೆ ಎಂಬ ಮಾತು ತನ್ನ ಬಾಯಿಂದ ಬಂದು ಎಷ್ಟು ದಿನವಾಗಿತ್ತೋ.

"ಯಾರದು?" ಎಂದಳು ತೆಕ್ಲಾ, ಗಂಜಿಯಿಂದ ತಲೆ ಎತ್ತಿ.

"ಮನಿಲಾದ ಗೆಳತಿ. ಅಲ್ಲಿಗೆ ಕೆಲಸಕ್ಕೆ ಬಾ ಅಂತಾಳೆ. ಅವಳ ದವಾಖಾನೇಲಿ ಯಾರೂ ಸಾಯಲ್ವಂತೆ."

ತೆಕ್ಲಾ ಸ್ವಲ್ಪ ಯೋಚಿಸಿದಳು. "ಹಾಗಾದ್ರೆ ಅಲ್ಲಿ ಡಾಕ್ಟ್ರು ಯಾಕೆ?" ಎಂದಳು. ತಮಾಷೆಗಲ್ಲ, ತಿಳಿಯದೆಯೇ ಕೇಳಿದಳು. ತಟ್ಟೆ ಬಳಿದು ಮುಗಿಸಿದಳು.

ಬಿಸಿಲು ಇಳಿದ ಮೇಲೆ ತೆಕ್ಲಾ ಹೊರಟಳು. ಲೂಮಿಂಗ್ ಗುಳಿಗೆಯ ಪೊಟ್ಟಣ ಅವಳ ಕೈಗಿಟ್ಟು, ಬಾಗಿಲಲ್ಲಿ ನಿಲ್ಲದೆ ಜೊತೆಗೇ ಅಂಗಳಕ್ಕೆ ಇಳಿದಳು. ತೆಕ್ಲಾ ಒಂದು ಸಲ ತಿರುಗಿ ನೋಡಿದಳು. ಸಾವಿನ ಮನೆಯಿಂದ ಯಾರನ್ನೂ ಹೀಗೆ ಕಳಿಸಿಕೊಡುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಲೂಮಿಂಗ್ ಅವಳನ್ನು ಗೇಟಿನವರೆಗೆ ಕಳಿಸಿ, ಗೇಟು ಮುಚ್ಚದೆ, ಹಿಂದಕ್ಕೆ ಬಂದಳು.